ಹೂವಿನ ಫೋಟೋ, ಹುಲ್ಲಿನ ಫೋಟೋ

ಆಟಿ ಕಳೆದು ಸೋಣ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಕಾಡುಹೂಗಳಿಗೆ ಮಾತ್ರವಲ್ಲ, ಕಾಡುಹೂಗಳ ಫೋಟೋಗಳಿಗೂ ಸುಗ್ಗಿ. ಪತ್ರಿಕೆಯ ಪುರವಣಿಯಲ್ಲಿ, ಸಹಕಾರಿ ಸಂಘದ ಕ್ಯಾಲೆಂಡರಿನಲ್ಲಿ, ಕಾಲೇಜಿನ ಛಾಯಾಚಿತ್ರ ಪ್ರದರ್ಶನದಲ್ಲಿ, ಈಗೀಗ ಎಲ್ಲರ ಕೈಯ ಮೊಬೈಲಿನಲ್ಲಿ ಅವು ಬರತೊಡಗುತ್ತವೆ. ಕೇಪುಳ, ನೆಕ್ಕರೆ, ರಥಪುಷ್ಪ, ಗೌರಿ ಹೂ, ತುಂಬೆ, ಪದವಿನ ಮೇಲೆ ಹಾಸಿಕೊಂಡ ಹೆಸರು ತಿಳಿಯದ ನೀಲಿ. ಇವನ್ನು ಬಹಳ ವರ್ಷಗಳಿಂದ ಆಸೆಯಿಂದ ನೋಡುತ್ತ ಬಂದವಳು ನಾನು. ಮನೆಯಿಂದ ಒಂದು ಮೈಲಿಯೊಳಗೆ ಬೆಳೆಯುವ ಗಿಡಗಳ ಚಿತ್ರ ತೆಗೆಯುವುದಕ್ಕಿಂತ ನಿರಪಾಯಕಾರಿಯಾದ ಹವ್ಯಾಸ ಇನ್ನೊಂದಿರಲಾರದು. ಹುಲಿಯನ್ನು ಅರಸಿ ನಾಗರಹೊಳೆಗೆ ಹೋಗಬೇಕಾಗಿಲ್ಲ, ಜೀಪು ಬೇಡ, ಮೊಳದುದ್ದದ ಲೆನ್ಸೂ ಬೇಡ. ಹಾಗಿದ್ದೂ ಈ ಚಿತ್ರಗಳ ಬಗ್ಗೆ ನನ್ನದೊಂದು ತಕರಾರು ಉಂಟು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ಅವುಗಳ ಗುಣವನ್ನು ಒಪ್ಪಿಕೊಳ್ಳೋಣ. ತುಂಬೆ ಹೂವನ್ನು ಶಿವನ ತಲೆಯ ಮೇಲೆ ಏರಿಸಿದವರಲ್ಲಿ ಎಷ್ಟು ಮಂದಿ ಅದನ್ನು ನೋಡಿದ್ದೇವೆ? ಬುಟ್ಟಿಯಲ್ಲಿ ಅದು ಬಿಳಿಯ ಚೂರು, ಅಷ್ಟೆ. ಹತ್ತಿರದ ಲೆನ್ಸಿನಲ್ಲಿ ಹಿಡಿದಾಗ ಅದಕ್ಕೊಂದು ಮೇಲ್ದುಟಿ, ಒಂದು ಕೆಳದುಟಿ. ಕೆಳದುಟಿ ಅಗಲವಾಗಿ ಚಾಚಿ ಜೇನಿಗೆ ಜಗಲಿ ಹಾಕಿ ಕೊಟ್ಟಂತಿದೆ. ಮೇಲ್ದುಟಿಯ ಮೇಲೆ ನವಿರಾದ ಉಣ್ಣೆ. ಬರಿಗಣ್ಣಿಗೆ ದಕ್ಕದ್ದನ್ನು ಚಿತ್ರ ದಕ್ಕಿಸಿಕೊಟ್ಟಿತು. ಇದು ಸಣ್ಣ ಉಪಕಾರವಲ್ಲ. ಪಾಠ ಹೇಳುವವಳಾಗಿ ನಾನು ಈ ಉಪಕಾರವನ್ನು ಎಷ್ಟೋ ಸಲ ಪಡೆದಿದ್ದೇನೆ.

ಆದರೆ ಒಂದೇ ಸಂಜೆ ಇಂಥ ಐವತ್ತು ಚಿತ್ರ ನೋಡಿ. ಎಲ್ಲವೂ ಒಂದೇ ಅಚ್ಚು. ನಡುವೆ ಒಂದು ಹೂ, ಅದರ ಮೇಲೆ ಒಂದೆರಡು ನೀರ ಹನಿ, ಹಿಂದೆ ಹಸಿರೋ ಕಪ್ಪೋ ಆದ ಬೆಣ್ಣೆಯಂಥ ಮಸುಕು. ಗೋಧಿ ಕಾಳಿಗಿಂತ ಚಿಕ್ಕದಾದ ಹೂವೂ ಅಂಗೈ ಅಗಲದ ಗೌರಿ ಹೂವೂ ಕ್ಯಾಲೆಂಡರಿನಲ್ಲಿ ಒಂದೇ ಅಳತೆ. ಎಲೆ ಕಾಣುವುದಿಲ್ಲ, ಕಾಂಡ ಕಾಣುವುದಿಲ್ಲ, ಗಿಡ ನಿಂತದ್ದು ಕಲ್ಲಿನ ಮೇಲೋ ಗದ್ದೆಯ ಹುಣಿಯ ಮೇಲೋ ತಿಳಿಯುವುದಿಲ್ಲ. ಪಕ್ಕದಲ್ಲಿ ಯಾರಿದ್ದರು ಎಂಬುದಂತೂ ದೇವರಿಗೇ ಗೊತ್ತು. ಮದುವೆ ಮನೆಯ ಸ್ಟುಡಿಯೋ ಫೋಟೋದಲ್ಲಿ ವಧುವಿನ ಹಿಂದೆ ಕಾಶ್ಮೀರದ ಪರದೆ ಇಳಿಬಿಡುತ್ತಿದ್ದರಲ್ಲ, ಅದರ ಹಾಗೆ. ವಧು ಚೆಂದ ಕಾಣುತ್ತಾಳೆ. ಅವಳು ಯಾವ ಊರಿನವಳು ಎಂದು ಪರದೆ ಹೇಳುವುದಿಲ್ಲ.

ಈ ಮಸುಕು ಕ್ಯಾಮೆರಾದ ಸ್ವಭಾವದಿಂದ ಬಂದದ್ದು ಎನ್ನುವುದು ನಿಜ. ವಸ್ತುವಿಗೆ ಹತ್ತಿರ ಹೋದಷ್ಟೂ, ಲೆನ್ಸಿನ ಕಂಡಿಯನ್ನು ಹಿರಿದಾಗಿ ತೆರೆದಷ್ಟೂ ಸ್ಪಷ್ಟವಾಗಿ ಮೂಡುವ ಆಳ ಕಡಿಮೆಯಾಗುತ್ತದೆ. ಹೂವನ್ನು ಅದರ ನಿಜವಾದ ಗಾತ್ರದಲ್ಲೇ ಹಿಡಿಯಹೊರಟರೆ ಕೆಲವೇ ಮಿಲಿಮೀಟರು ಮಾತ್ರ ಚೊಕ್ಕವಾಗಿರುತ್ತದೆ, ಉಳಿದದ್ದೆಲ್ಲ ಕರಗುತ್ತದೆ. ಅಷ್ಟಾದರೆ ಕಲಾವಿದನ ತಪ್ಪಿಲ್ಲ. ಆದರೆ ಕಂಡಿಯನ್ನು ಕಿರಿದು ಮಾಡಿದರೆ, ಒಂದು ಹೆಜ್ಜೆ ಹಿಂದೆ ಸರಿದರೆ, ಹಿನ್ನೆಲೆ ಸಾಕಷ್ಟು ಮರಳಿ ಬರುತ್ತದೆ. ನಮ್ಮ ಛಾಯಾಗ್ರಾಹಕರು ಹಿಂದೆ ಸರಿಯುವುದಿಲ್ಲ. ಏಕೆಂದರೆ ಹಿಂದೆ ಇರುವುದು ಅವರಿಗೆ ಗಲೀಜು. ಒಣಗಿದ ಕಡ್ಡಿ, ಹುಳ ತಿಂದ ಎಲೆ, ಪ್ಲಾಸ್ಟಿಕ್ ಚೀಲದ ತುದಿ, ಎಲ್ಲಕ್ಕಿಂತ ಹೆಚ್ಚಾಗಿ ಹುಲ್ಲು. ಪ್ರದರ್ಶನಕ್ಕೆ ಬಂದ ಚಿತ್ರ ಚೊಕ್ಕವಾಗಿರಲೆಂದು ಹೂವಿನ ಸುತ್ತಲ ಹುಲ್ಲನ್ನು ಕಿತ್ತು ಬಿಸಾಡುವುದನ್ನು ಈ ಕಣ್ಣಲ್ಲೇ ನೋಡಿದ್ದೇನೆ. ಕಾಡಿನ ಚಿತ್ರಕ್ಕಾಗಿ ಕಾಡನ್ನು ಗುಡಿಸುವ ಈ ರೀತಿ ನನಗೆ ಅರ್ಥವಾಗಿಲ್ಲ.

ಹೂವನ್ನು ಅದರ ನೆಲದಿಂದ ಬೇರ್ಪಡಿಸಿ ತೋರಿಸುವ ಪದ್ಧತಿ ನಮ್ಮವರು ಕಂಡುಹಿಡಿದದ್ದೂ ಅಲ್ಲ, ಇಂದಿನದೂ ಅಲ್ಲ. ಅದನ್ನು ತುದಿಗೆ ಮುಟ್ಟಿಸಿದವನು ಕಾರ್ಲ್ ಬ್ಲಾಸ್‌ಫೆಲ್ಟ್ ಎಂಬ ಜರ್ಮನ್ ಮೇಷ್ಟರು. ಬರ್ಲಿನ್ನಿನ ಕರಕುಶಲ ಕಲೆಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಈತ ರೈಲು ಹಳಿಯ ಏರಿಗಳಿಂದಲೂ ದಾರಿಯ ಬದಿಗಳಿಂದಲೂ ಕಳೆಗಿಡಗಳನ್ನು ಕಿತ್ತು ತಂದು, ತಾನೇ ಜೋಡಿಸಿಕೊಂಡ ಕ್ಯಾಮೆರಾದಲ್ಲಿ 30 ಪಟ್ಟಿನವರೆಗೂ ಹಿಗ್ಗಿಸಿ ಚಿತ್ರ ತೆಗೆದ. ಹಿಂದೆ ಬರೀ ಬಿಳಿಯ ಅಥವಾ ಬೂದು ರಟ್ಟು. ಬೇಡದ ಎಲೆಯನ್ನು ಕತ್ತರಿಸಿ ತೆಗೆಯಲೂ ಆತ ಹಿಂಜರಿಯಲಿಲ್ಲ. ಮೂವತ್ತು ವರ್ಷ ಹೀಗೆ ದುಡಿದ ಮೇಲೆ 1928ರಲ್ಲಿ ಅವನ ಚಿತ್ರಗಳ ಪುಸ್ತಕ ಬಂತು, 'ಕಲೆಯ ಮೂಲರೂಪಗಳು' ಎಂಬ ಅರ್ಥದ ಹೆಸರಿನಲ್ಲಿ, ಒಮ್ಮೆಗೇ ಪ್ರಸಿದ್ಧನಾದ. 1932ರಲ್ಲಿ ತೀರಿಕೊಂಡ.

ಬ್ಲಾಸ್‌ಫೆಲ್ಟನ ಚಿತ್ರದಲ್ಲೂ ನೆಲವಿಲ್ಲ, ನೆರೆಯಿಲ್ಲ. ಹಾಗಾದರೆ ಅವನನ್ನು ಮೆಚ್ಚಿ ನಮ್ಮವರನ್ನು ಬಯ್ಯುವುದು ಯಾವ ನ್ಯಾಯ ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸ ಇಷ್ಟೆ: ಅವನು ಇದು ಹೊಲದಲ್ಲಿ ನಿಂತ ಗಿಡ ಎಂದು ನಟಿಸಲಿಲ್ಲ. ಕಬ್ಬಿಣದ ಕಂಬಿ ಬಗ್ಗಿಸುವ, ಕಂಬ ಕೆತ್ತುವ ವಿದ್ಯಾರ್ಥಿಗಳಿಗೆ ಆಕಾರ ಕಲಿಸಲು ಆ ಚಿತ್ರಗಳು ಹುಟ್ಟಿದವು. ರಟ್ಟು ರಟ್ಟಾಗಿಯೇ ಕಾಣುತ್ತದೆ. ಕಪ್ಪು ಹಲಗೆಯ ಮೇಲೆ ಬರೆದ ಚಿತ್ರದಷ್ಟು ಪ್ರಾಮಾಣಿಕ. ನಮ್ಮ ಕ್ಯಾಲೆಂಡರಿನ ಚಿತ್ರವಾದರೋ ಕೆಳಗೆ 'ಪ್ರಕೃತಿಯ ಮಡಿಲಲ್ಲಿ' ಎಂದು ಬರೆದುಕೊಂಡು, ಮಡಿಲನ್ನೇ ಅಳಿಸಿರುತ್ತದೆ.

ಇದಕ್ಕೆ ಎದುರು ಇಡಬೇಕಾದ ಚಿತ್ರ ಫೋಟೋ ಅಲ್ಲ. ಫೋಟೋ ಹುಟ್ಟುವುದಕ್ಕೆ ಮುನ್ನೂರು ವರ್ಷ ಮೊದಲು, 1503ರಲ್ಲಿ, ಆಲ್ಬ್ರೆಕ್ಟ್ ಡ್ಯೂರರ್ ನೀರುಬಣ್ಣದಲ್ಲಿ ಒಂದು ಹೆಂಟೆ ನೆಲವನ್ನು ಬರೆದ. ಈಗ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಪುಸ್ತಕದಲ್ಲಿ ಅಚ್ಚಾದದ್ದನ್ನು ಮಾತ್ರ ನಾನು ನೋಡಿದ್ದು. ಸುಮಾರು 40 ಸೆಂಟಿಮೀಟರ್ ಎತ್ತರದ ಕಾಗದ. ಅದರಲ್ಲಿ ಹೇಳಿಕೊಳ್ಳುವಂಥ ಹೂವೇ ಇಲ್ಲ. ಡ್ಯಾಂಡೆಲಿಯನ್ ಎಂಬ ಹಳದಿ ಹೂ ಉಂಟು, ಅದೂ ಮುಚ್ಚಿಕೊಂಡಿದೆ. ಉಳಿದಂತೆ ಬಗೆಬಗೆಯ ಹುಲ್ಲು, ಅಗಲ ಎಲೆಯ ಕಳೆ, ಕೆಳಗೆ ಒದ್ದೆ ಮಣ್ಣು, ಮಣ್ಣಿನಲ್ಲಿ ಇಳಿದ ಬೇರು. ಇಲಿಯೋ ಕಪ್ಪೆಯೋ ನೋಡುವ ಮಟ್ಟದಲ್ಲಿ ಕಣ್ಣನ್ನು ಇಟ್ಟು ಬರೆದದ್ದು. ಒಂದು ಹುಲ್ಲು ಇನ್ನೊಂದರ ಹಿಂದೆ ಹೋಗಿ ಮತ್ತೆ ಹೊರಬರುತ್ತದೆ, ಯಾವುದೂ ನಾಯಕನಲ್ಲ. ಮೇಲೆ ಆಕಾಶದ ಜಾಗ ಖಾಲಿ. ಹಿನ್ನೆಲೆ ಇಲ್ಲದಿರುವುದರಲ್ಲಿ ಡ್ಯೂರರನೂ ಬ್ಲಾಸ್‌ಫೆಲ್ಟನ ಹಾಗೆಯೇ. ಆದರೆ ಗಿಡವನ್ನು ಗಿಡದ ಜೊತೆಗೆ ಬಿಟ್ಟಿದ್ದಾನೆ. ಐದು ಶತಮಾನದ ನಂತರವೂ ಆ ಹುಲ್ಲುಗಳನ್ನು ಒಂದೊಂದಾಗಿ ಗುರುತಿಸಿ ಹೆಸರು ಹೇಳಲು ಸಸ್ಯಶಾಸ್ತ್ರದವರಿಗೆ ಆಗುತ್ತದೆ.

ಕನ್ನಡದಲ್ಲಿ ಈ ದಾರಿಯನ್ನು ತುಳಿದವರು ಬಿ.ಜಿ.ಎಲ್. ಸ್ವಾಮಿ. ಅವರ 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ವಿದ್ಯಾರ್ಥಿಗಳ ಜೊತೆಗಿನ ಆ ಹರಟೆ, ಆ ಪ್ರವಾಸದ ತಮಾಷೆ ಎಲ್ಲರ ಬಾಯಲ್ಲೂ ಇತ್ತು. ಅದರ ರೇಖಾಚಿತ್ರಗಳ ಬಗ್ಗೆ ಸಾಕಷ್ಟು ಮಾತು ನಡೆದಿಲ್ಲವೆಂದು ನನ್ನ ಭಾವನೆ. ಅವು ಸ್ವಾಮಿಯವರೇ ಬರೆದವು. ಬಣ್ಣವಿಲ್ಲ, ಹನಿಯಿಲ್ಲ. ಗಿಡವನ್ನು ಎಲ್ಲಿ ಕಂಡರು, ಯಾರ ಜೊತೆ ಕಂಡರು, ಆಗ ಯಾರು ಏನೆಂದರು ಎಂಬುದೆಲ್ಲ ಪಕ್ಕದ ಬರಹದಲ್ಲೇ ಇರುವುದರಿಂದ ಗೆರೆ ಒಂಟಿಯಾಗುವುದಿಲ್ಲ. ಚಿತ್ರ ಬಿಟ್ಟದ್ದನ್ನು ಮಾತು ತುಂಬುತ್ತದೆ. ಇಂದಿನ ಫೋಟೋದ ಕೆಳಗೆ ಇರುವ ಮಾತೆಂದರೆ ಕ್ಯಾಮೆರಾದ ಮಾಡೆಲ್ಲು ಮತ್ತು ಲೆನ್ಸಿನ ಅಳತೆ. ಗಿಡದ ವಿಳಾಸ ಇಲ್ಲ, ಯಂತ್ರದ ವಿಳಾಸ ಉಂಟು.

ಇನ್ನು ಹುಲ್ಲಿಗೆ ಬರುತ್ತೇನೆ. ಈ ಕಲೆಯ ಪರೀಕ್ಷೆ ನಡೆಯುವುದು ಅಲ್ಲಿಯೇ.

ಎಂಟನೆಯ ತರಗತಿಯಲ್ಲಿ ಹೂವಿನ ಭಾಗಗಳ ಪಾಠ ಮಾಡುವಾಗ ದಾಸವಾಳವನ್ನು ಸೀಳಿ ತೋರಿಸುತ್ತೇವೆ. ಹುಲ್ಲೂ ಹೂ ಬಿಡುತ್ತದೆ ಎಂದರೆ ಗದ್ದೆಯ ಮನೆಗಳಿಂದ ಬಂದ ಮಕ್ಕಳೇ "ಹುಲ್ಲಿಗೆ ಹೂ ಉಂಟಾ ಟೀಚರ್?" ಎಂದು ಕೇಳುತ್ತಾರೆ. ಭತ್ತ, ರಾಗಿ, ಜೋಳ, ಕಬ್ಬು, ಬಿದಿರು ಎಲ್ಲವೂ ಹುಲ್ಲಿನ ಕುಲ. ಲೋಕದಲ್ಲಿ ಈ ಕುಲದ ಸುಮಾರು 12,000 ಜಾತಿಗಳಿವೆ. ಗಾಳಿಯೇ ಪರಾಗ ಹೊರುವುದರಿಂದ ಜೇನನ್ನು ಕರೆಯುವ ದಳ ಬೇಕಿಲ್ಲ, ಬಣ್ಣ ಬೇಕಿಲ್ಲ. ಎರಡು ಸಿಪ್ಪೆಗಳ ನಡುವಿನಿಂದ ಕೇಸರಗಳು ಕೂದಲಿನಂಥ ದಾರದಲ್ಲಿ ತೂಗುಬೀಳುತ್ತವೆ. ಹೆಚ್ಚಿನ ಹುಲ್ಲಿಗೆ ಮೂರು, ಭತ್ತಕ್ಕೆ ಆರು. ಪಕ್ಕದಲ್ಲಿ ಹಕ್ಕಿಯ ಪುಕ್ಕದ ಹಾಗೆ ಎರಡು ಕುಚ್ಚು, ಬಂದ ಪರಾಗವನ್ನು ಹಿಡಿಯಲು. ಭತ್ತದ ಒಂದು ಹೂ ಬೆಳಗಿನ ಹೊತ್ತಿನಲ್ಲಿ ತೆರೆದು ಸರಿಸುಮಾರು ಒಂದು ಗಂಟೆಯಲ್ಲಿ ಮುಚ್ಚಿಕೊಳ್ಳುತ್ತದೆ. ಜಗತ್ತಿನ ಅರ್ಧ ಭಾಗದ ಊಟ ಆ ಒಂದು ಗಂಟೆಯಲ್ಲಿ ನಿಶ್ಚಯವಾಗುತ್ತದೆ. ಆ ಗಂಟೆಯ ಒಂದು ಒಳ್ಳೆಯ ಫೋಟೋ ನಮ್ಮ ಯಾವ ಕ್ಯಾಲೆಂಡರಿನಲ್ಲೂ ನಾನು ಕಂಡಿಲ್ಲ.

ಅದನ್ನು ತೆಗೆಯುವುದು ಕಷ್ಟ, ಒಪ್ಪುತ್ತೇನೆ. ಹುಲ್ಲು ನಿಂತಲ್ಲಿ ನಿಲ್ಲುವುದಿಲ್ಲ. ನಮಗೆ ತಿಳಿಯದ ಗಾಳಿಯೂ ಅದಕ್ಕೆ ತಿಳಿಯುತ್ತದೆ. ಎತ್ತರ ಹೆಚ್ಚು, ಅಗಲವಿಲ್ಲ, ಚೌಕಟ್ಟಿಗೆ ಹೊಂದುವುದಿಲ್ಲ. ಬೆಳಕನ್ನು ಹುಲ್ಲಿನ ಹಿಂದಿನಿಂದ ಬರುವಂತೆ ಮಾಡಿಕೊಳ್ಳಬೇಕು, ಆಗ ಮಾತ್ರ ತೆನೆಯ ಮುಳ್ಳುಕೂದಲು ಹೊಳೆಯುತ್ತದೆ. ಅಂದರೆ ಬೆಳಗ್ಗೆ ಏಳರ ಮೊದಲು ಅಥವಾ ಸಂಜೆ ಐದರ ಮೇಲೆ, ನೆಲಕ್ಕೆ ಒರಗಿ. ಸೀರೆ ಉಟ್ಟ ಹೆಂಗಸು ಪದವಿನ ಮೇಲೆ ಮೊಣಕಾಲೂರಿ ಕುಳಿತರೆ ದಾರಿಹೋಕರು "ಎಂತ ಟೀಚರೇ, ಎಂತಾದರೂ ಬಿದ್ದುಹೋಯ್ತಾ?" ಎಂದು ತಾವೂ ಹುಡುಕಲು ಬರುತ್ತಾರೆ. ಬೆಂಡೋಲೆಯಲ್ಲ, ಹುಲ್ಲು ಎಂದರೆ ಮುಖ ಮುಖ ನೋಡುತ್ತಾರೆ. ಮೊಣಕಾಲು ನೋವಿನ ಮಾತು ಬೇರೆ.

ಮೊಬೈಲ್ ಬಂದ ಮೇಲೆ ಇದೆಲ್ಲ ಸುಲಭವಾಗಬೇಕಿತ್ತು. ಆದರೆ ಅಲ್ಲೊಂದು ಸೋಜಿಗ. ಈಗಿನ ಮೊಬೈಲಿನಲ್ಲಿ 'ಪೋರ್ಟ್ರೇಟ್' ಎಂಬ ಏರ್ಪಾಡು ಉಂಟಲ್ಲ, ಅದರ ಮಸುಕು ಲೆನ್ಸಿನಿಂದ ಬಂದದ್ದಲ್ಲ. ಯಾವುದು ಮುಖ್ಯ, ಯಾವುದು ಹಿನ್ನೆಲೆ ಎಂದು ಯಂತ್ರವೇ ಲೆಕ್ಕ ಹಾಕಿ, ಹಿನ್ನೆಲೆಯನ್ನು ಒರೆಸುತ್ತದೆ. ಅದರ ಮುಂದೆ ಒಂದು ಹುಲ್ಲಿನ ತೆನೆ ಹಿಡಿದು ನೋಡಿ. ತೆನೆಯ ನಡುಭಾಗ ಉಳಿಯುತ್ತದೆ. ಅದರ ಮುಳ್ಳುಕೂದಲು, ತೂಗುವ ಕೇಸರ ಎಲ್ಲವೂ ಹಿನ್ನೆಲೆಯೆಂದು ಅಳಿಸಿಹೋಗುತ್ತದೆ. ಹುಲ್ಲನ್ನು ಹುಲ್ಲು ಮಾಡುವ ಭಾಗವೇ ಹೋಯಿತು. ಹೂವಿನ ಚಿತ್ರ ಕೊಟ್ಟರೆ ತಟ್ಟನೆ ಹೆಸರು ಹೇಳುವ ಆ್ಯಪುಗಳೂ ಹುಲ್ಲಿನ ಮುಂದೆ ತಡವರಿಸುತ್ತವೆ. ಯಂತ್ರಕ್ಕೆ ಕಲಿಸಿದವರು ನಾವೇ ತಾನೆ. ನಮ್ಮ ಕಣ್ಣಿಗೆ ಯಾವುದು ಮುಖ್ಯವೋ ಅದಕ್ಕೂ ಅದೇ ಮುಖ್ಯ.

ಇಷ್ಟೆಲ್ಲ ಹೇಳುವುದು ಬರಿಯ ಅಭಿರುಚಿಯ ಜಗಳವಾಗಿದ್ದರೆ ನಾನು ಕಾಗದ ಖರ್ಚು ಮಾಡುತ್ತಿರಲಿಲ್ಲ. ನಮ್ಮ ಪದವುಗಳ ಸಂಗತಿ ಇದರಲ್ಲಿ ಸೇರಿಕೊಂಡಿದೆ.

ಘಟ್ಟದ ಮೇಲಿನವರಿಗಾಗಿ ಎರಡು ಮಾತು. ಕರಾವಳಿಯಲ್ಲಿ ಪದವು ಎಂದರೆ ಮುರಕಲ್ಲಿನ ಬೋಳು ಬಯಲು. 1807ರಲ್ಲಿ ತನ್ನ ಪ್ರವಾಸದ ಪುಸ್ತಕ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟ. ಕಲ್ಲಿನ ಮೇಲೆ ಎರಡು ಬೆರಳು ಮಣ್ಣು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದಾಗ ಅದು ಕೆರೆ; ಮಾರ್ಚಿಯಲ್ಲಿ ಬಾಣಲೆ. ಈ ಎರಡರ ನಡುವಿನ ಕೆಲವು ವಾರಗಳಲ್ಲಿ ಹುಟ್ಟಿ, ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಗಿಡಗಳ ಒಂದು ಸಂಸಾರವೇ ಅಲ್ಲಿದೆ. ಗುಂಡುಸೂಜಿಯ ತಲೆಯಂಥ ಬಿಳಿ ಹೂಗೊಂಚಲಿನ ಎರಿಯೊಕಾಲಾನ್. ನೊಣ ಹಿಡಿಯಲು ಅಂಟು ಹನಿ ಹೊತ್ತ ಡ್ರಾಸೆರಾ. ಮೇಲೆ ಹೇಳಿದ ನೀಲಿ, ಅದು ಯುಟ್ರಿಕ್ಯುಲೇರಿಯಾ. ಒದ್ದೆ ಮಣ್ಣಿನೊಳಗೆ ಅದಕ್ಕೆ ಸಾಸಿವೆಗಿಂತ ಚಿಕ್ಕ ಚೀಲಗಳಿವೆ. ನೀರಿನ ಸೂಕ್ಷ್ಮ ಜೀವಿ ಚೀಲದ ಬಾಯಿಯ ಕೂದಲನ್ನು ಮುಟ್ಟಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಚೀಲ ಅದನ್ನು ಹೀರಿಕೊಳ್ಳುತ್ತದೆ. ಸಾರವಿಲ್ಲದ ಕಲ್ಲುನೆಲದಲ್ಲಿ ಸಾರಜನಕಕ್ಕೆ ಮಾಡಿಕೊಂಡ ಉಪಾಯ. ಇವೆಲ್ಲದರ ನಡುವೆ, ಇವನ್ನು ಸುತ್ತಿಕೊಂಡು ಹುಲ್ಲು.

ಈ ನೀಲಿ ಹೂವಿನ ಕ್ಯಾಲೆಂಡರ್ ಚಿತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ ಹೂ ಆರ್ಕಿಡ್ ಹಾಗೆ ಮೆರೆಯುತ್ತದೆ. ಕಲ್ಲು ಕಾಣುವುದಿಲ್ಲ, ನೀರು ಕಾಣುವುದಿಲ್ಲ. ಆ ಹೂ ಬದುಕಿದ್ದು ಕಲ್ಲು ಮತ್ತು ನೀರಿನಿಂದ ಎಂದು ತಿಳಿಯಲು ದಾರಿಯೇ ಇಲ್ಲ. ಚಿತ್ರವನ್ನು ಗೋಡೆಗೆ ತೂಗಿದ ಮನುಷ್ಯನೇ ಪದವಿನ ಪಕ್ಕದಲ್ಲಿ ಹೋಗುವಾಗ "ಎಂಥ ಬಂಜರು, ಏನೂ ಬೆಳೆಯುವುದಿಲ್ಲ" ಎನ್ನುತ್ತಾನೆ. ಎರಡೂ ಒಂದೇ ಎಂದು ಅವನಿಗೆ ಹೇಳಿದವರಿಲ್ಲ. ಚಿತ್ರವಾದರೂ ಹೇಳಬೇಕಿತ್ತು.

ಹಿಂದೆ ಇದನ್ನು ಹುಲ್ಲೇ ಹೇಳುತ್ತಿತ್ತು. ಪದವಿನ ಮುಳಿ ಹುಲ್ಲನ್ನು ಮಳೆ ನಿಂತ ಮೇಲೆ ಕೊಯ್ದು, ಹೊರೆ ಕಟ್ಟಿ, ಮನೆಯ ಮಾಡಿಗೆ ಹೊದೆಸುತ್ತಿದ್ದರು. ಕೊಯ್ಯುವವರೂ ಹೊರುವವರೂ ಹೆಚ್ಚಾಗಿ ಹೆಂಗಸರು; ಯಾವ ಹುಲ್ಲು ಮಾಡಿಗೆ, ಯಾವುದು ಹಟ್ಟಿಗೆ, ಯಾವುದು ಸೀರೆಯ ಅಂಚಿಗೆ ಅಂಟುವ ಪೀಡೆ ಎಂದು ಅವರಿಗೆ ಕೈಯಲ್ಲೇ ಗೊತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹಂಚು ಮೊದಲು ಉಳ್ಳವರ ಮನೆಗೆ, ನಿಧಾನವಾಗಿ ಎಲ್ಲರ ಮನೆಗೂ ಬಂತು. ಸೋರದ ಮಾಡು ಬಂದದ್ದು ಒಳ್ಳೆಯದೇ. ಮಳೆಗಾಲದ ಮುಳಿಮನೆಯ ಸುಖವನ್ನು ಹಾಡಿ ಹೊಗಳುವವರು ಅದರೊಳಗೆ ಮಲಗಿದವರಲ್ಲ. ಆದರೆ ಮುಳಿ ಬೇಡವಾದ ದಿನದಿಂದ ಪದವು ಯಾರಿಗೂ ಬೇಡವಾಯಿತು. ವರ್ಗದಾರರಿಗೆ ಸೊಪ್ಪು, ಹುಲ್ಲು ತೆಗೆಯಲು ಬಿಟ್ಟಿದ್ದ ಕುಮ್ಕಿ ಜಾಗಗಳಲ್ಲಿ ಗೇರು, ಅಕೇಶಿಯಾ, ರಬ್ಬರು ಎದ್ದವು. ಉಳಿದಲ್ಲಿ ಕೆಂಪುಕಲ್ಲಿನ ಕೋರೆ. ಕಲ್ಲು ಕೊಯ್ಯುವ ಯಂತ್ರ ಮೊದಲು ತೆಗೆದು ಬಿಸಾಡುವುದು ಆ ಎರಡು ಬೆರಳು ಮಣ್ಣನ್ನು. 2000ದಲ್ಲಿ ಕೇಂದ್ರ ಸರಕಾರ ಮೊದಲ ಬಾರಿಗೆ ಹೊರತಂದ, ಮತ್ತೆ 2019ರವರೆಗೆ ಹಲವು ಸಲ ಪರಿಷ್ಕರಿಸಿದ ದೇಶದ ಪಾಳುಭೂಮಿಯ ಭೂಪಟದಲ್ಲಿ 'ಬರಡು ಬಂಡೆನೆಲ' ಎಂಬುದೂ ಒಂದು ವರ್ಗ. ಆಕಾಶದಿಂದ ತೆಗೆದ ಚಿತ್ರ ನೋಡಿ ಮಾಡಿದ ವಿಂಗಡಣೆ. ಅತಿ ದೂರದ ಕ್ಯಾಮೆರಾಕ್ಕೂ ಅತಿ ಹತ್ತಿರದ ಕ್ಯಾಮೆರಾಕ್ಕೂ ಕಾಣದ್ದು ಒಂದೇ ವಸ್ತು ಎನ್ನುವುದು ನನ್ನನ್ನು ಕಾಡುತ್ತದೆ.

ಚಿತ್ರ ನೋಡಿ ಜನರಿಗೆ ಪ್ರೀತಿ ಹುಟ್ಟುತ್ತದೆ, ಪ್ರೀತಿಯಿಂದ ರಕ್ಷಣೆ ಬರುತ್ತದೆ, ಆದ್ದರಿಂದ ಚೆಂದದ ಚಿತ್ರವೇ ಬೇಕು ಎನ್ನುವ ವಾದವನ್ನು ಕೇಳಿದ್ದೇನೆ. ಅರ್ಧ ನಿಜ. ಸಾತಾರಾದ ಬಳಿಯ ಕಾಸ್ ಬಯಲು ಇಂಥದೇ ಮುರಕಲ್ಲಿನ ನೆಲ. 2012ರಲ್ಲಿ ಪಶ್ಚಿಮ ಘಟ್ಟದ ಇತರ ತಾಣಗಳ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದರ ಫೋಟೋಗಳು ಊರೂರು ತಿರುಗಿದವು. ಆಮೇಲೆ ಬಂದ ಜನಸಂದಣಿಯನ್ನು ತಡೆಯಲು ಟಿಕೆಟ್ಟು, ದಿನಕ್ಕಿಷ್ಟೇ ಜನ ಎಂಬ ಮಿತಿ, ಬೇಲಿ ಎಲ್ಲವನ್ನೂ ಮಾಡಬೇಕಾಯಿತು. 2022ರಲ್ಲಿ ನಮ್ಮ ಚಂದ್ರದ್ರೋಣ ಬೆಟ್ಟದಲ್ಲಿ ಕುರಿಂಜಿ ಅರಳಿದಾಗಲೂ ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳಲು ಗಾಡಿಗಳ ಸಾಲು. ಚಿತ್ರ ಕಲಿಸಿದ್ದು ಹೂವನ್ನು ನೋಡುವುದನ್ನಲ್ಲ, ಅಂಥದೇ ಇನ್ನೊಂದು ಚಿತ್ರ ತೆಗೆಯುವುದನ್ನು. ಮತ್ತೆ, ಪ್ರಸಿದ್ಧವಾಗುವ ಭಾಗ್ಯ ಎಲ್ಲ ನೆಲಕ್ಕೂ ಇರುವುದಿಲ್ಲ. ನಮ್ಮ ಪಂಚಾಯತಿನ ಹತ್ತೆಕರೆ ಪದವನ್ನು ನೋಡಲು ಯಾರೂ ಟಿಕೆಟ್ಟು ಕೊಂಡು ಬರುವುದಿಲ್ಲ. ಅದಕ್ಕೆ ಬೇಕಾದದ್ದು ಬೇರೆ ಬಗೆಯ ಚಿತ್ರ.

ಎಂಥದು ಎಂದರೆ, ಗಣೇಶ ಚತುರ್ಥಿಯ ಇಪ್ಪತ್ತೊಂದು ಪತ್ರೆಗಳ ಪಟ್ಟಿಯಂಥದು. ಗರಿಕೆ, ಉತ್ತರಾಣಿ, ಎಕ್ಕ, ದತ್ತೂರಿ, ವಿಷ್ಣುಕ್ರಾಂತಿ, ಲಕ್ಕಿ. ಆ ಪಟ್ಟಿಯಲ್ಲಿ ಇಂಥ ಬೇಲಿಬದಿಯ ಗಿಡಗಳಿಗೆ ಮಾವು, ಅಶ್ವತ್ಥದ ಸಾಲಿನಲ್ಲೇ ಸ್ಥಾನ. ಅದನ್ನು ಮಾಡಿದವರು ಚೆಂದ ನೋಡಿ ಆರಿಸಲಿಲ್ಲ. ಹೊರಗೆ ಹೋಗು, ನೆಲ ನೋಡು, ಬೇರೆ ಬೇರೆ ಗುರುತಿಸಿ ತಾ ಎಂದರು. ಫೋಟೋಗೂ ಆ ಗುಣ ಬರಬಹುದು. ಒಂದು ಚದರಡಿ ನೆಲವನ್ನು ನಾಲ್ಕು ತೆಂಗಿನ ಕಡ್ಡಿಯಿಂದ ಗುರುತು ಮಾಡಿ, ಜೂನಿನಿಂದ ಡಿಸೆಂಬರಿನವರೆಗೆ ವಾರಕ್ಕೊಂದು ಚಿತ್ರ, ನಿಂತು ತೆಗೆದದ್ದೊಂದು, ಕುಳಿತು ತೆಗೆದದ್ದೊಂದು. ಪಕ್ಕದಲ್ಲಿ ಅಳತೆಗೆ ಒಂದು ರೂಪಾಯಿ ನಾಣ್ಯ. ಯಾವುದನ್ನೂ ಕೀಳುವ ಹಾಗಿಲ್ಲ, ಒಣಗಿದ್ದನ್ನೂ ಸಹ. ಈ ಚಿತ್ರಗಳಿಗೆ ಬಹುಮಾನ ಬರಲಾರದು. ಆದರೆ ಆಗಸ್ಟಿನ ನೀಲಿ ಅಕ್ಟೋಬರಿನಲ್ಲಿ ಹುಲ್ಲಿಗೆ ಹೇಗೆ ಜಾಗ ಬಿಟ್ಟುಕೊಡುತ್ತದೆ, ಆ ಹುಲ್ಲು ಡಿಸೆಂಬರಿನಲ್ಲಿ ಹೇಗೆ ಬೆಳ್ಳಿಯಾಗುತ್ತದೆ ಎಂದು ಸಾಲಾಗಿ ಅಂಟಿಸಿದರೆ ಮಕ್ಕಳು ಅದರ ಮುಂದೆ ನಿಂತು ಓದುತ್ತಾರೆ, ಕತೆ ಓದಿದ ಹಾಗೆ.

ಹೀಗೆ ತೆಗೆದವುಗಳಲ್ಲಿ ನನಗೆ ಮೆಚ್ಚಿಕೆಯಾದ ಒಂದು ಚಿತ್ರವಿದೆ, ಎಂಟನೆಯ ತರಗತಿಯ ಹುಡುಗನದು. ಅಪ್ಪನ ಹಳೆಯ ಮೊಬೈಲಿನಲ್ಲಿ, ಸೆಪ್ಟೆಂಬರಿನ ಒಂದು ಬೆಳಗ್ಗೆ ತೆಗೆದದ್ದು. ಎಲ್ಲವೂ ಒಂದೇ ಸಮನೆ ಸ್ಪಷ್ಟ. ಆ ಮೊಬೈಲಿಗೆ ಮಸುಕು ಮಾಡುವ ವಿದ್ಯೆ ತಿಳಿಯದು. ಮುಂದೆ ನೀರು ನಿಂತ ಕಲ್ಲು, ಕಲ್ಲಿನ ಬಿರುಕಿನಲ್ಲಿ ನೀಲಿಯ ಗೆರೆ, ಅದರ ಮೇಲೆ ಬಾಗಿದ ಹುಲ್ಲು, ಕೆಳಗಿನ ಮೂಲೆಯಲ್ಲಿ ಅವನದೇ ಚಪ್ಪಲಿಯ ತುದಿ. ದೂರದಲ್ಲಿ ಕಲ್ಲು ಹೇರಿಕೊಂಡು ನಿಂತ ಲಾರಿ. ಲಾರಿಯನ್ನು ಕತ್ತರಿಸಿ ತೆಗೆಯಲೇ ಎಂದು ಕೇಳಿದ. ಬೇಡ, ಇರಲಿ ಎಂದೆ. ಆ ಚಿತ್ರದಲ್ಲಿ ನಾವು ಒಟ್ಟು ಏಳು ಬಗೆಯ ಹುಲ್ಲು ಎಣಿಸಿದ್ದೇವೆ. ಎರಡಕ್ಕೆ ಅವನ ಅಜ್ಜಿ ಹೆಸರು ಹೇಳಿದರು. ಐದು ಬಾಕಿ ಇದೆ.